ಓಡುವ ಮಕ್ಕಳ ಮಂಡಿನೋವು

ಜುಲೈ ಕಳೆದು ಆಗಸ್ಟ್ ಬರುವ ಹೊತ್ತಿಗೆ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಬೇರೊಂದು ಬಗೆಯ ರೋಗಿಗಳು ಕಾಣಿಸಿಕೊಳ್ಳುತ್ತಾರೆ. ಜ್ವರ, ಕೆಮ್ಮು, ಭೇದಿಯವರ ನಡುವೆ, ನೋಡಲು ಗಟ್ಟಿಮುಟ್ಟಾಗಿರುವ ಹನ್ನೆರಡು-ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು. ಅದು ಶಾಲಾ ಕ್ರೀಡಾಕೂಟಗಳ ಕಾಲ. ಹೋಬಳಿ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಬಳಿಕ ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಹೆಚ್ಚೇನೂ ಓಡದ ಕಾಲುಗಳು ಇದ್ದಕ್ಕಿದ್ದಂತೆ ದಿನಕ್ಕೆ ಎರಡು ಹೊತ್ತು ಅಭ್ಯಾಸಕ್ಕೆ ಇಳಿಯುತ್ತವೆ. ಮಂಡಿ ಮಾತಾಡತೊಡಗುತ್ತದೆ.

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯಿಂದ ಒಬ್ಬ ಹುಡುಗನನ್ನು ತಂದೆ ತಾಯಿ ಕರೆತಂದಿದ್ದರು. ಎಂಟನೇ ತರಗತಿ, ಶಾಲೆಯ ಖೋ ಖೋ ತಂಡದಲ್ಲಿ ಆಡುವವನು. ತಾಯಿ ಹುಡುಗನ ಪ್ಯಾಂಟನ್ನು ಮೇಲಕ್ಕೆ ಮಡಿಸಿ ತೋರಿಸಿದರು. ‘ನೋಡ್ರಿ ಡಾಕ್ಟ್ರೇ, ಮಣಕಾಲ ಕೆಳಗೆ ಎಲುಬು ಬೆಳೀತಾ ಐತೆ.’ ನಿಜವೇ, ಬಲಗಾಲಿನ ಮಂಡಿಯ ಸ್ವಲ್ಪ ಕೆಳಗೆ, ಮುಂಭಾಗದಲ್ಲಿ, ಅಡಿಕೆ ಗಾತ್ರದ ಒಂದು ಗಟ್ಟಿ ಉಬ್ಬು. ಬೆರಳಿನಿಂದ ಮುಟ್ಟಿದರೆ ಹುಡುಗ ಹಲ್ಲು ಕಚ್ಚುತ್ತಿದ್ದ. ಅಷ್ಟು ಹೊತ್ತು ಸುಮ್ಮನಿದ್ದ ತಂದೆ ಬಾಯಿಬಿಟ್ಟರು. ‘ನಮ್ಮ ಕಡೆ ಬೋರಿನ ನೀರು ಸರಿ ಇಲ್ಲ ಸಾರ್. ಅದರದ್ದೇ ಇರಬೇಕು ಅಂತ ಊರಾಗೆ ಎಲ್ಲಾ ಅಂತಾರೆ.’ ಹುಡುಗನ ಚಿಂತೆ ಬೇರೆಯೇ ಇತ್ತು. ‘ಸಾರ್, ತಾಲ್ಲೂಕು ಮ್ಯಾಚಿಗೆ ಹೋಗಬಹುದಾ?’

ಎಲುಬು ಬೆಳೆಯುತ್ತಿದೆಯೇ, ನೀರಿನ ದೋಷವೇ, ಆಡಬಹುದೇ? ಈ ಮೂರು ಪ್ರಶ್ನೆಗಳನ್ನು ನಾನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಇವುಗಳ ಜೊತೆಗೆ, ಯಾರೂ ಕೇಳದ, ಆದರೆ ವೈದ್ಯನ ಮನಸ್ಸಿನಲ್ಲಿ ಸದಾ ಇರಬೇಕಾದ ನಾಲ್ಕನೆಯ ಪ್ರಶ್ನೆಯೊಂದಿದೆ: ಇದು ನಿಜಕ್ಕೂ ಆಟದ ನೋವೇ?

ಬೆಳೆಯುವ ಮೂಳೆಯ ಜಗ್ಗಾಟ

ಮಕ್ಕಳ ಮೂಳೆ ದೊಡ್ಡವರ ಮೂಳೆಯ ಚಿಕ್ಕ ಪ್ರತಿಯಲ್ಲ. ಉದ್ದನೆಯ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಇದಕ್ಕೆ ಬೆಳವಣಿಗೆಯ ಫಲಕ ಎನ್ನುತ್ತೇವೆ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಕಾಲಿನ ಉದ್ದದಲ್ಲಿ ಸುಮಾರು ಮೂರನೇ ಎರಡು ಪಾಲು ಬೆಳವಣಿಗೆ ನಡೆಯುವುದು ಮಂಡಿಯ ಮೇಲೂ ಕೆಳಗೂ ಇರುವ ಫಲಕಗಳಲ್ಲಿ. ಹೆಣ್ಣುಮಕ್ಕಳು ಹನ್ನೊಂದು-ಹನ್ನೆರಡರ ಆಸುಪಾಸಿನಲ್ಲಿ, ಗಂಡುಮಕ್ಕಳು ಹದಿಮೂರು-ಹದಿನಾಲ್ಕರ ಸುಮಾರಿನಲ್ಲಿ ಸರಸರನೆ ಎತ್ತರವಾಗುತ್ತಾರೆ. ಆ ಒಂದು ವರ್ಷದಲ್ಲಿ ಹುಡುಗ ಒಂಬತ್ತು ಸೆಂಟಿಮೀಟರಿಗೂ ಹೆಚ್ಚು ಬೆಳೆಯಬಹುದು. ‘ದಸರಾಕ್ಕೆ ಹೊಲಿಸಿದ ಪ್ಯಾಂಟು ಯುಗಾದಿಗೆ ಗಿಡ್ಡ’ ಎಂದು ತಾಯಂದಿರು ಹೇಳುವುದು ಈ ಕಾಲವನ್ನೇ.

ಮೂಳೆ ಹೀಗೆ ಓಡುವಾಗ ಸ್ನಾಯುಗಳು ಸ್ವಲ್ಪ ಹಿಂದೆ ಬೀಳುತ್ತವೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ಹಿಡಿದುಕೊಂಡು, ಅಲ್ಲಿಂದ ಹುರಿಯಂಥ ಗಟ್ಟಿ ಪಟ್ಟಿಯಾಗಿ ಇಳಿದು, ಕೆಳಗಾಲಿನ ದೊಡ್ಡ ಮೂಳೆಯ ಮುಂಭಾಗದ ಒಂದು ಚಿಕ್ಕ ಗುಬಟಿಗೆ ಅಂಟಿಕೊಳ್ಳುತ್ತದೆ. ನಾವು ಏಳುವಾಗ, ನೆಗೆಯುವಾಗ, ಓಡುತ್ತಾ ತಟ್ಟನೆ ನಿಲ್ಲುವಾಗ ಇಡೀ ಭಾರದ ಎಳೆತ ಬಂದು ಬೀಳುವುದು ಆ ಗುಬಟಿನ ಮೇಲೆ. ದೊಡ್ಡವರಲ್ಲಿ ಅದು ಕಲ್ಲಿನಂಥ ಮೂಳೆ. ಹದಿಮೂರರ ಹುಡುಗನಲ್ಲಿ ಇನ್ನೂ ಪೂರ್ತಿ ಗಟ್ಟಿಯಾಗದ ಮೃದ್ವಸ್ಥಿ. ಹಸಿ ಗೋಡೆಗೆ ಹೊಡೆದ ಗೂಟಕ್ಕೆ ಎಮ್ಮೆ ಕಟ್ಟಿದಂತೆ. ಗೂಟ ಕಿತ್ತು ಬರುವುದಿಲ್ಲ, ಆದರೆ ಬುಡದ ಮಣ್ಣು ಅಲುಗಾಡುತ್ತದೆ. ಅಲ್ಲಿ ನೋವು, ಊತ. ದೇಹ ಆ ಜಾಗವನ್ನು ಸರಿಪಡಿಸಲು ಹೊಸ ಮೂಳೆ ಹಾಕುತ್ತದೆ. ತಾಯಿಯ ಕಣ್ಣಿಗೆ ಬಿದ್ದ ಉಬ್ಬು ಅದೇ.

ಕ್ಷ-ಕಿರಣ ಕಂಡುಹಿಡಿದು ಎಂಟು ವರ್ಷಗಳಾಗಿದ್ದಾಗ, 1903ರಲ್ಲಿ, ಅಮೆರಿಕದ ಬಾಸ್ಟನ್ನಿನ ರಾಬರ್ಟ್ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕಾರ್ಲ್ ಷ್ಲಾಟರ್ ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಹಾಗಾಗಿ ಆಸ್‌ಗುಡ್-ಷ್ಲಾಟರ್ ಕಾಯಿಲೆ ಎಂಬ ಭಯಂಕರ ಹೆಸರು. ಚೀಟಿಯಲ್ಲಿ ಈ ಹೆಸರು ನೋಡಿದ ಕೂಡಲೇ ಎಷ್ಟೋ ತಂದೆತಾಯಿಯರ ಮುಖ ಬಿಳುಚಿಕೊಳ್ಳುತ್ತದೆ. ಅದಕ್ಕೆ ನಾನು ‘ಜಗ್ಗಾಟದ ನೋವು’ ಎಂದೇ ಹೇಳುತ್ತೇನೆ. ಇದು ಸೋಂಕಲ್ಲ, ಸಂಧಿವಾತವಲ್ಲ, ಮೂಳೆಯ ಕ್ಷಯವಲ್ಲ. ಕೀಲಿನ ಒಳಗೆ ಏನೂ ಕೆಟ್ಟಿರುವುದಿಲ್ಲ.

ಇದೇ ಜಗ್ಗಾಟ ಕೆಲವು ಮಕ್ಕಳಲ್ಲಿ, ಅದರಲ್ಲೂ ಹತ್ತರಿಂದ ಹದಿಮೂರರವರಲ್ಲಿ, ಮಂಡಿಚಿಪ್ಪಿನ ಕೆಳ ಅಂಚಿನಲ್ಲೇ ಆಗುವುದುಂಟು. ಚಿಕಿತ್ಸೆ ಒಂದೇ. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆ. ಬೆರಳಿಟ್ಟು ಇಲ್ಲೇ ಎಂದು ತೋರಿಸಲಾಗದ, ಚಿಪ್ಪಿನ ಹಿಂದೆ, ಸುತ್ತಮುತ್ತ ಬರುವ ನೋವು. ಮೆಟ್ಟಿಲು ಇಳಿಯುವಾಗ, ಬಸ್ಸಿನಲ್ಲಿ ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತು ಎದ್ದಾಗ ಹೆಚ್ಚು. ತೊಡೆಯ ಮತ್ತು ಸೊಂಟದ ಪಕ್ಕದ ಸ್ನಾಯುಗಳು ಚಿಪ್ಪನ್ನು ಅದರ ದಾರಿಯಲ್ಲಿ ಹಿಡಿದಿಡುವಷ್ಟು ಬಲವಾಗಿಲ್ಲದಿದ್ದರೆ ಹೀಗಾಗುತ್ತದೆ. ಇದೂ ಅಪಾಯಕಾರಿಯಲ್ಲ, ಆದರೆ ವ್ಯಾಯಾಮ ಮಾಡದೆ ತಾನಾಗಿ ಹೋಗುವುದು ಕಡಿಮೆ.

ಖೋ ಖೋ ಆಟವನ್ನೇ ನೋಡಿ. ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ, ಒಬ್ಬರ ಮುಖ ಆ ಕಡೆ, ಇನ್ನೊಬ್ಬರ ಮುಖ ಈ ಕಡೆ ಮಾಡಿ, ಮಂಡಿ ಪೂರ್ತಿ ಮಡಿಸಿ ಕುಳಿತಿರುತ್ತಾರೆ. ಬೆನ್ನ ಹಿಂದೆ ‘ಖೋ’ ಎಂದೊಡನೆ ಬಾಣದಂತೆ ಏಳಬೇಕು. ಪೂರ್ತಿ ಮಡಿಸಿದ ಮಂಡಿಯಿಂದ ಒಂದೇ ಜಿಗಿತಕ್ಕೆ ಎದ್ದು ಓಡುವುದಕ್ಕಿಂತ ಹೆಚ್ಚಿನ ಎಳೆತವನ್ನು ಆ ಗುಬಟಿನ ಮೇಲೆ ಹಾಕುವ ಕೆಲಸ ಬೇರೆ ಹೆಚ್ಚಿಲ್ಲ. ಒಂದು ಸಂಜೆಯ ಅಭ್ಯಾಸದಲ್ಲಿ ಇದು ಹತ್ತಾರು ಸಲ. ಆಟದ ಮೇಲೆ ನನಗೇನೂ ಕೋಪವಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದ ಮೇಲೆ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಆ ತಂಡದಲ್ಲಿದ್ದರು ಎಂದು ತಿಳಿದ ಮೇಲೆ, ಹಳ್ಳಿ ಶಾಲೆಗಳ ಹೆಣ್ಣುಮಕ್ಕಳೂ ಅಂಗಳಕ್ಕೆ ಇಳಿಯುವುದನ್ನು ಕಂಡರೆ ಸಂತೋಷವೇ ಆಗುತ್ತದೆ. ಮಂಡಿನೋವೆಂಬ ಕಾರಣಕ್ಕೆ, ಮೊದಲೇ ಆಟ ಬಿಡಿಸಲು ನೆಪ ಹುಡುಕುತ್ತಿದ್ದ ಮನೆಯವರು ಹುಡುಗಿಯನ್ನು ಕೂರಿಸಿಬಿಡುವುದೇ ನನಗೆ ಸಂಕಟದ ವಿಷಯ.

ನೀರಿನ ಮಾತು

ತಂದೆಯ ಅನುಮಾನವನ್ನು ನಾನು ನಗುತ್ತಾ ತಳ್ಳಿಹಾಕಲಿಲ್ಲ. ಜಗಳೂರು ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರನ್ನು ಎಳೆಯ ವಯಸ್ಸಿನಿಂದ ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಅಥವಾ ಕಂದು ಬಣ್ಣದ ಪಟ್ಟೆಗಳು ಬೀಳುತ್ತವೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಬೆನ್ನು, ಸೊಂಟ, ಕೀಲುಗಳು ಬಿಗಿಯುತ್ತವೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆಂಧ್ರದ ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಹದಿಹರೆಯದವರ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಾದ ಪ್ರಕರಣಗಳನ್ನು ವರದಿ ಮಾಡಿದ್ದರು.

ಆದರೆ ಫ್ಲೋರೈಡ್ ಒಂದೇ ಕಾಲನ್ನು ಆರಿಸಿಕೊಳ್ಳುವುದಿಲ್ಲ. ಒಂದು ಬೆರಳಗಲ ಜಾಗದಲ್ಲಿ ಮಾತ್ರ ನೋಯಿಸುವುದಿಲ್ಲ. ಆಡಿದ ದಿನ ಹೆಚ್ಚಾಗಿ, ಭಾನುವಾರ ಕಡಿಮೆಯಾಗುವುದಿಲ್ಲ. ಎರಡೂ ಕಾಲು ಬಾಗುತ್ತಿದ್ದರೆ, ಬೆನ್ನು ಬಗ್ಗಿಸಲು ಆಗದಿದ್ದರೆ, ಮನೆಯ ಇತರರಿಗೂ ಹೀಗೆಯೇ ಇದ್ದರೆ ಅದು ಬೇರೆ ಮಾತು, ಆಗ ನೀರನ್ನೂ ಮಗುವನ್ನೂ ಪರೀಕ್ಷಿಸಬೇಕು. ಈ ಹುಡುಗನ ಹಲ್ಲಿನ ಮೇಲೆ ತೆಳುವಾದ ಬಿಳಿ ಪಟ್ಟೆಗಳಿದ್ದವು, ಕಾಲು ನೆಟ್ಟಗಿದ್ದವು. ‘ನೀರಿನ ಗುರುತು ಹಲ್ಲಿನಲ್ಲಿದೆ, ಮಂಡಿಯಲ್ಲಿರುವುದು ಖೋ ಖೋ’ ಎಂದೆ. ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲೂ ಅಡುಗೆಗೂ ಬಳಸಿ ಎಂದೂ ಹೇಳಿದೆ. ಇಲ್ಲೊಂದು ಮಾತು: ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಆಡುವುದೋ ಬಿಡುವುದೋ

ಹಿಂದೆ ಈ ಮಕ್ಕಳ ಕಾಲಿಗೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಹಾಗೆ ಮಾಡುವುದು ಅಪರೂಪ. ಪೂರ್ತಿ ಕೂರಿಸಿದರೆ ತೊಡೆಯ ಸ್ನಾಯು ಬಡಕಲಾಗುತ್ತದೆ, ಮತ್ತೆ ಆಟಕ್ಕಿಳಿದ ವಾರದಲ್ಲೇ ನೋವು ಹಾಜರು. ನೋವನ್ನು ನುಂಗಿಕೊಂಡು ಮೊದಲಿನಷ್ಟೇ ಆಡಿದರೂ ತಪ್ಪು, ಅದು ತಿಂಗಳುಗಳ ಕಾಲ ಎಳೆಯುತ್ತದೆ. ಬೇಕಾದದ್ದು ಎಳೆತವನ್ನು ಅಳೆದು ಕೊಡುವುದು.

ನಾನು ಮಕ್ಕಳಿಗೆ ಹೇಳಿಕೊಡುವ ಅಳತೆ ಸರಳ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಆಡುವಾಗ ಎರಡು-ಮೂರರ ಒಳಗಿದ್ದು, ಮರುದಿನ ಬೆಳಿಗ್ಗೆ ಎದ್ದಾಗ ಹಿಂದಿನ ದಿನಕ್ಕಿಂತ ಹೆಚ್ಚಿಲ್ಲದಿದ್ದರೆ ಅಷ್ಟು ಆಟ ಮಂಡಿಗೆ ಒಗ್ಗಿದೆ ಎಂದರ್ಥ. ನಾಲ್ಕು ದಾಟಿದರೆ, ಕುಂಟುವಂತಾದರೆ, ಮರುದಿನ ಮೆಟ್ಟಿಲಿಗೆ ಹೆದರುವಂತಾದರೆ, ಆ ದಿನದ್ದು ಅತಿಯಾಯಿತು. ಕುಂಟುತ್ತಾ ಆಡುವ ಮಗುವನ್ನು ಅಂಗಳದಿಂದ ಈಚೆ ಕರೆಯಲೇಬೇಕು. ಇದರಲ್ಲಿ ರಾಜಿಯಿಲ್ಲ.

ಮೊದಲ ಮೂರು-ನಾಲ್ಕು ವಾರ ನೆಗೆತ, ವೇಗದ ಓಟ, ಕುಕ್ಕರುಗಾಲಿನಿಂದ ಏಳುವುದು, ಮಂಡಿಯೂರುವುದು, ಇಷ್ಟನ್ನೂ ನಿಲ್ಲಿಸಬೇಕು. ನಡೆಯಬಹುದು, ಈಜು ಗೊತ್ತಿದ್ದರೆ ಈಜಬಹುದು, ಸೈಕಲ್ ತುಳಿಯಬಹುದು. ಸೈಕಲ್ ವಿಷಯದಲ್ಲಿ ಒಂದು ಸಣ್ಣ ಕಿವಿಮಾತು. ಎರಡು ವರ್ಷದ ಹಿಂದೆ ಕೂರಿಸಿದ ಸೀಟನ್ನು ಯಾರೂ ಮೇಲೆತ್ತಿರುವುದಿಲ್ಲ, ಹುಡುಗ ಮಾತ್ರ ಒಂದು ಗೇಣು ಬೆಳೆದಿರುತ್ತಾನೆ. ಮಂಡಿ ಎದೆಗೆ ಬಡಿಯುವಂತೆ ತುಳಿಯುತ್ತಾ ದಿನಾ ಐದಾರು ಕಿಲೋಮೀಟರ್ ಶಾಲೆಗೆ ಹೋಗಿಬಂದರೆ ಮಂಡಿಚಿಪ್ಪಿನ ಮೇಲೆ ಬೀಳುವ ಒತ್ತಡ ಸಾಮಾನ್ಯವಲ್ಲ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವಷ್ಟೇ ಬಾಗಿರುವಂತೆ ಸೀಟು ಏರಿಸಿ. ಸ್ಪ್ಯಾನರ್ ಒಂದಿದ್ದರೆ ಸಾಕು, ಖರ್ಚೇನೂ ಇಲ್ಲ.

ಮನೆಯ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶನಿವಾರ ಮಧ್ಯಾಹ್ನ, ಭಾನುವಾರ ಶೇಂಗಾ ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ತೆಗೆದ ಮಗು ಸೋಮವಾರ ಅಭ್ಯಾಸಕ್ಕೆ ಹೋದರೆ, ದೈಹಿಕ ಶಿಕ್ಷಕರು ‘ಎರಡು ದಿನ ರೆಸ್ಟ್ ಇತ್ತಲ್ಲ’ ಎಂದುಕೊಳ್ಳುತ್ತಾರೆ. ಮಂಡಿಗೆ ಹೊಲವೂ ಒಂದೇ, ಅಂಗಳವೂ ಒಂದೇ. ಈ ಕೆಲವು ವಾರ ನಿಂತು ಮಾಡುವ ಕೆಲಸ ಕೊಡಿ.

ಆಡಿ ಬಂದ ಮೇಲೆ ಊತವಿದ್ದರೆ ಐಸನ್ನು ತೆಳುಬಟ್ಟೆಯಲ್ಲಿ ಸುತ್ತಿ ಹತ್ತು-ಹದಿನೈದು ನಿಮಿಷ ಇಡಬಹುದು. ಬರಿ ಚರ್ಮದ ಮೇಲೆ ಇಟ್ಟರೆ ಚರ್ಮ ಸುಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಟವೆಲ್ ಸಾಕು. ತೀರಾ ನೋವಿದ್ದರೆ ಎರಡು-ಮೂರು ದಿನ ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ವೈದ್ಯರನ್ನು ಕೇಳಿ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿಸಿ ಕಳಿಸುವುದು ಮಾತ್ರ ಬೇಡವೇ ಬೇಡ. ನೋವು ಕಾವಲುಗಾರನಿದ್ದಂತೆ, ಅವನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ. ಉಬ್ಬಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸುವುದೂ ಸಲ್ಲದು, ಅದರಿಂದ ಸ್ನಾಯುರಜ್ಜು ದುರ್ಬಲವಾಗುವ ಅಪಾಯವಿದೆ. ಕ್ಯಾಲ್ಸಿಯಂ ಮಾತ್ರೆಯಿಂದ ಈ ಉಬ್ಬು ಕರಗುವುದಿಲ್ಲ. ರಾಗಿ ಮುದ್ದೆ, ಹಾಲು, ಮೊಸರು, ಸೊಪ್ಪು ಬೆಳೆಯುವ ಮಕ್ಕಳಿಗೆ ಹೇಗೂ ಬೇಕು.

ಎಣ್ಣೆ ತಿಕ್ಕಿಸುವವರ ಬಗ್ಗೆ ಕೇಳುತ್ತೀರಿ. ತೊಡೆಗೆ ಹಗುರವಾಗಿ ಎಣ್ಣೆ ಹಚ್ಚಿದರೆ ನನ್ನ ತಕರಾರಿಲ್ಲ. ಉಬ್ಬನ್ನೇ ಹೆಬ್ಬೆರಳಿಂದ ಒತ್ತಿ ‘ಒಳಗೆ ಕೂರಿಸುವ’ ಸಾಹಸ ಬೇಡ. ಅದು ಸರಿದ ಮೂಳೆಯಲ್ಲ, ಕೂರಿಸಲು ಅಲ್ಲೇನೂ ಇಲ್ಲ.

ವ್ಯಾಯಾಮಗಳಲ್ಲಿ ಮೊದಲನೆಯದನ್ನು ನೋವಿರುವಾಗಲೇ ಶುರುಮಾಡಬಹುದು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಅದುಮುವಂತೆ ತೊಡೆಯನ್ನು ಬಿಗಿಹಿಡಿದು ಹತ್ತು ಎಣಿಸಿ ಬಿಡುವುದು. ಹತ್ತು ಸಲ, ಬೆಳಿಗ್ಗೆ ಸಂಜೆ. ಒಂದೆರಡು ವಾರದ ಮೇಲೆ, ಮಲಗಿಕೊಂಡು ಕಾಲನ್ನು ನೆಟ್ಟಗಿಟ್ಟು ಒಂದು ಅಡಿ ಎತ್ತಿ ಹಿಡಿಯುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು ಸೊಂಟದ ಪಕ್ಕದ ಸ್ನಾಯುಗಳಿಗೆ, ಹೆಣ್ಣುಮಕ್ಕಳ ಚಿಪ್ಪಿನ ಹಿಂದಿನ ನೋವಿಗೆ ಇದು ಮುಖ್ಯ. ತೊಡೆಯ ಹಿಂಭಾಗ ಮತ್ತು ಮೀನಖಂಡಗಳನ್ನು ನಿಧಾನವಾಗಿ ಎಳೆದು ಸಡಿಲಿಸುವುದನ್ನೂ ಮಾಡಬೇಕು. ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ಹಿಂದಕ್ಕೆ ತಂದು ತೊಡೆಯ ಮುಂಭಾಗವನ್ನು ಎಳೆಯುವ ವ್ಯಾಯಾಮವನ್ನು ನೋವು ಇಳಿದ ಮೇಲಷ್ಟೇ ಆರಂಭಿಸಿ, ಮೊದಲೇ ಮಾಡಿದರೆ ಗುಬಟಿನ ಜಗ್ಗಾಟ ಹೆಚ್ಚುತ್ತದೆ. ಕೊನೆಯ ಹಂತದಲ್ಲಿ ಗೋಡೆಗೆ ಬೆನ್ನು ಆನಿಸಿ, ಕುರ್ಚಿಯಲ್ಲಿ ಕೂತಂತೆ ಅರ್ಧ ಬಾಗಿ ನಿಲ್ಲುವುದು.

ಎಷ್ಟು ದಿನ? ಇಲ್ಲಿ ತಾಳ್ಮೆ ಬೇಕು. ಡೆನ್ಮಾರ್ಕಿನ ವೈದ್ಯರು ಇಂಥದೇ ಕ್ರಮದಲ್ಲಿ 51 ಮಕ್ಕಳಿಗೆ ಚಿಕಿತ್ಸೆ ಕೊಟ್ಟು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹನ್ನೆರಡು ವಾರಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ಚೆನ್ನಾಗಿ ಸುಧಾರಿಸಿದ್ದರು. ಆದರೆ ಅಷ್ಟು ಹೊತ್ತಿಗೆ ಆಟಕ್ಕೆ ಮರಳಿದವರು ಕೆಲವರಷ್ಟೇ, ಹೆಚ್ಚಿನವರಿಗೆ ಇನ್ನೂ ಹಲವು ತಿಂಗಳು ಬೇಕಾಯಿತು. ಮೂಳೆ ಪೂರ್ತಿ ಬಲಿತ ಮೇಲೆ ನೋವು ಬಹುಮಟ್ಟಿಗೆ ತಾನೇ ನಿಲ್ಲುತ್ತದೆ. ಉಬ್ಬು ಮಾತ್ರ ಉಳಿಯುತ್ತದೆ. ಕೆಲವರಿಗೆ ದೊಡ್ಡವರಾದ ಮೇಲೂ ನೆಲದ ಮೇಲೆ ಮಂಡಿಯೂರಿದಾಗ ಚುಚ್ಚುವುದುಂಟು.

ಇದು ಆಟದ ನೋವಲ್ಲದಿದ್ದರೆ

ಹಲವು ವರ್ಷಗಳ ಹಿಂದೆ ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹದಿಮೂರು ವರ್ಷದ, ಸ್ವಲ್ಪ ದಪ್ಪಗಿದ್ದ ಹುಡುಗ. ಎಡ ಮಂಡಿ ನೋವು, ಮೂರು ವಾರದಿಂದ ಕುಂಟುತ್ತಿದ್ದಾನೆ ಎಂದರು. ಮಂಡಿಯನ್ನು ಒತ್ತಿ ನೋಡಿದೆ, ಬಾಗಿಸಿ ನೋಡಿದೆ, ಎಲ್ಲೂ ನೋವಿಲ್ಲ. ಮಂಡಿಯ ಎಕ್ಸ್‌ರೇ ತೆಗೆಸಿದೆ, ಎಲ್ಲ ಸರಿಯಿತ್ತು. ‘ಉಳುಕಿರಬೇಕು’ ಎಂದು ಮಾತ್ರೆ ಬರೆದುಕೊಟ್ಟೆ. ಹದಿನೈದು ದಿನದ ಮೇಲೆ ತಂದೆಯ ಹೆಗಲಿಗೆ ಒರಗಿಕೊಂಡು ಬಂದ. ಪಾದ ಹೊರಕ್ಕೆ ತಿರುಗಿತ್ತು. ಆಗ ಹೊಳೆಯಿತು, ತೊಡೆ ಸೊಂಟಕ್ಕೆ ಸೇರುವ ಕೀಲನ್ನು ನಾನು ಅಲುಗಾಡಿಸಿ ನೋಡಿಯೇ ಇರಲಿಲ್ಲ. ನೋಡಿದೆ, ಹುಡುಗ ಕೂಗಿಕೊಂಡ. ತೊಡೆಮೂಳೆಯ ತಲೆಯ ಭಾಗ ಬೆಳವಣಿಗೆಯ ಫಲಕದ ಜಾಗದಲ್ಲಿ, ಕಳಶದ ಮೇಲಿನ ತೆಂಗಿನಕಾಯಿ ವಾಲಿದಂತೆ, ಜಾರಿತ್ತು. ಸೊಂಟದ ಕೀಲಿಗೂ ಮಂಡಿಗೂ ಹೋಗುವ ನರಗಳು ಒಂದೇ ಆದ್ದರಿಂದ ಅಲ್ಲಿಯ ನೋವನ್ನು ಮಗು ಇಲ್ಲಿ ಹೇಳುತ್ತದೆ. ಅವನನ್ನು ಅಂದೇ ದಾವಣಗೆರೆಯ ಮೂಳೆತಜ್ಞರ ಬಳಿಗೆ ಕಳಿಸಿದೆ, ಸ್ಕ್ರೂ ಹಾಕಿ ನಿಲ್ಲಿಸಿದರು. ಈಗ ನಡೆಯುತ್ತಾನೆ, ಆದರೆ ಎಡಗಾಲು ಸ್ವಲ್ಪ ಗಿಡ್ಡ. ಮೊದಲ ದಿನವೇ ಕಳಿಸಿದ್ದರೆ ಅಷ್ಟು ಜಾರುತ್ತಿರಲಿಲ್ಲ. ಅಂದಿನಿಂದ ಮಂಡಿನೋವೆಂದು ಬಂದ ಯಾವ ಮಗುವನ್ನೂ ಸೊಂಟದ ಕೀಲು ನೋಡದೆ ಕಳಿಸಿಲ್ಲ. ನೀವೂ ನಿಮ್ಮ ವೈದ್ಯರನ್ನು ‘ಸೊಂಟವನ್ನೂ ನೋಡ್ತೀರಾ ಸಾರ್’ ಎಂದು ಕೇಳಿದರೆ ಅವರು ಬೇಸರಿಸಬಾರದು.

ಇನ್ನೊಂದು, ಹೇಳಲು ಮನಸ್ಸಾಗದ, ಹೇಳದಿದ್ದರೆ ನಡೆಯದ ವಿಷಯ. ಮೂಳೆಯ ಕ್ಯಾನ್ಸರ್ ಬಹಳ ಅಪರೂಪ. ಆದರೆ ಅದು ಬರುವುದಾದರೆ ಬರುವ ವಯಸ್ಸು ಹೆಚ್ಚಾಗಿ ಇದೇ, ಜಾಗವೂ ಹೆಚ್ಚಾಗಿ ಇದೇ, ಮಂಡಿಯ ಸ್ವಲ್ಪ ಮೇಲೆ ಅಥವಾ ಕೆಳಗೆ. ಆಡುವ ಮಗು ಯಾವಾಗಲಾದರೂ ಬಿದ್ದೇ ಇರುತ್ತದೆ, ಆದ್ದರಿಂದ ‘ಬಿದ್ದಿದ್ದಕ್ಕೇ ನೋವು’ ಎಂಬ ಉತ್ತರ ಎಲ್ಲರಿಗೂ ಸಿದ್ಧವಾಗಿ ಸಿಗುತ್ತದೆ. ಎಣ್ಣೆ, ಪಟ್ಟು, ಇಂಜೆಕ್ಷನ್ ಎಂದು ತಿಂಗಳುಗಳು ಉರುಳುತ್ತವೆ. ವ್ಯತ್ಯಾಸ ತಿಳಿಯುವುದು ರಾತ್ರಿ. ಜಗ್ಗಾಟದ ನೋವು ಆಡಿದಾಗ ಹೆಚ್ಚು, ವಿಶ್ರಾಂತಿಯಲ್ಲಿ ಕಡಿಮೆ. ಮಲಗಿದ ಮಗುವನ್ನು ನಿದ್ದೆಯಿಂದ ಎಬ್ಬಿಸುವ, ಆಡಲಿ ಬಿಡಲಿ ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು, ಗುಬಟಿನ ಜಾಗ ಬಿಟ್ಟು ಬೇರೆಡೆ ಬೆಳೆಯುವ ಊತ, ತೂಕ ಇಳಿಯುವುದು, ಇವು ಕಂಡರೆ ಒಂದು ವಾರವೂ ಕಾಯದೆ ಎಕ್ಸ್‌ರೇ ತೆಗೆಸಬೇಕು. ಬೇಗ ಕಂಡುಹಿಡಿದರೆ ಇಂದು ಕಾಲನ್ನೂ ಜೀವವನ್ನೂ ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇಂಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸರ್ಕಾರಿ ಸಂಸ್ಥೆ. ಅಂಥ ಊತವನ್ನು ತಿಕ್ಕಿಸಲೇಬಾರದು.

‘ಬೆಳೆಯುವ ನೋವು ಬಿಡ್ರಿ’ ಎಂದು ಅಜ್ಜಿಯಂದಿರು ಸಮಾಧಾನ ಹೇಳುವುದುಂಟು. ಅಂಥದೊಂದು ನೋವು ಇರುವುದು ನಿಜ. ಆದರೆ ಅದು ಚಿಕ್ಕ ಮಕ್ಕಳದು, ಹೆಚ್ಚೆಂದರೆ ಹನ್ನೆರಡರವರೆಗೆ. ಸಂಜೆ ಅಥವಾ ರಾತ್ರಿ ಎರಡೂ ಕಾಲಿನ ಮಾಂಸಖಂಡಗಳಲ್ಲಿ ಬಂದು, ಕಾಲು ಒತ್ತಿದರೆ ಹೋಗಿ, ಬೆಳಿಗ್ಗೆ ಮಗು ಏನೂ ಆಗದಂತೆ ಓಡಾಡುತ್ತದೆ. ಒಂದೇ ಕಾಲಿನ, ಕುಂಟಿಸುವ, ಕೀಲಿನ ನೋವಿಗೆ ಈ ಹೆಸರು ಕೊಡಬಾರದು.

ಜ್ವರದ ಜೊತೆ ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ, ಕಾಲೂರಲು ಆಗದಿದ್ದರೆ ಅದು ಕೀಲಿನೊಳಗೆ ಕೀವಾಗಿರುವ ಲಕ್ಷಣವಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಇಡಬಾರದು. ಗಂಟಲು ನೋವು ಬಂದು ಹೋದ ಎರಡು-ಮೂರು ವಾರಕ್ಕೆ ಇವತ್ತು ಮಂಡಿ, ನಾಳೆ ಹಿಮ್ಮಡಿಯ ಗಿಣ್ಣು, ನಾಡಿದ್ದು ಮೊಣಕೈ ಎಂದು ಊತ ಸುತ್ತಾಡಿದರೆ ರುಮ್ಯಾಟಿಕ್ ಜ್ವರದ ಅನುಮಾನ. ಅದು ಕೀಲನ್ನು ಬಿಟ್ಟು ಹೋದರೂ ಹೃದಯದ ಕವಾಟವನ್ನು ಕೆಡಿಸಬಹುದು. ಬೆಳಿಗ್ಗೆ ಎದ್ದಾಗ ಬಿಗಿತ, ಆರು ವಾರ ದಾಟಿದ ಊತವಿದ್ದರೆ ಮಕ್ಕಳ ಸಂಧಿವಾತವನ್ನೂ, ಕ್ಷಯವನ್ನೂ ನೋಡಬೇಕಾಗುತ್ತದೆ. ನೆಗೆಯುವಾಗ ‘ಟಪ್’ ಎಂದು ಶಬ್ದವಾಗಿ, ಬಿದ್ದು, ಕಾಲನ್ನು ನೆಟ್ಟಗೆ ಎತ್ತಲಾಗದಿದ್ದರೆ ಆ ಗುಬಟೇ ಕಿತ್ತು ಬಂದಿರಬಹುದು. ತಿರುಚಿಕೊಂಡ ಒಂದೆರಡು ಗಂಟೆಯಲ್ಲಿ ಮಂಡಿ ಕುಂಬಳಕಾಯಿಯಂತೆ ಊದಿದರೆ ಒಳಗೆ ರಕ್ತ ಸೇರಿದೆ ಎಂದೇ ತಿಳಿಯಬೇಕು.

ಗಂಡುಮಕ್ಕಳಲ್ಲಿ ಸಣ್ಣ ಪೆಟ್ಟಿಗೂ ಮತ್ತೆ ಮತ್ತೆ ಮಂಡಿ ಊದುತ್ತಿದ್ದರೆ, ತಾಯಿಯ ಅಣ್ಣತಮ್ಮಂದಿರಲ್ಲಿ ರಕ್ತ ನಿಲ್ಲದ ತೊಂದರೆ ಇದ್ದಿದ್ದರೆ, ಹಿಮೋಫಿಲಿಯಾ ಇರಬಹುದು. ಅಂಥ ಮಗುವಿಗೆ ನೋವಿನ ಇಂಜೆಕ್ಷನ್ನನ್ನು ಮಾಂಸಖಂಡಕ್ಕೆ ಕೊಡುವುದೇ ಅಪಾಯ. ದಾವಣಗೆರೆಯಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಈ ಭಾಗದ ಜನರಿಗೆ ಅದು ಹತ್ತಿರದ ಆಸರೆ.

ಇವು ಯಾವುವೂ ಇಲ್ಲದೆ, ಗುಬಟಿನ ಮೇಲೆ ಮಾತ್ರ ನೋಯುವ, ಆಡಿದರೆ ಹೆಚ್ಚುವ ಮಂಡಿಗೆ ಎಕ್ಸ್‌ರೇಯ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಸ್ಕ್ಯಾನಿಂಗ್ ಅಂತೂ ಬೇಡ. ದೂರದ ಊರಿಗೆ ಓಡುವ ಮುನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗಲೂ ಮಗು ನಾಚದೆ ಹೇಳಿಕೊಳ್ಳಲಿ.

ಸೊಕ್ಕೆಯ ಹುಡುಗನಿಗೆ ಆ ಸಲದ ತಾಲ್ಲೂಕು ಪಂದ್ಯ ಬೇಡವೆಂದೆ. ಕಣ್ಣಲ್ಲಿ ನೀರು ಬಂತು. ಅವನ ದೈಹಿಕ ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಟ್ಟೆ: ನಾಲ್ಕು ವಾರ ಕುಳಿತು ಏಳುವ ಅಭ್ಯಾಸ ಬೇಡ, ತಂಡದಿಂದ ಹೆಸರು ತೆಗೆಯುವುದೂ ಬೇಡ, ಅಂಗಳಕ್ಕೆ ಬರಲಿ, ಅಂಕ ಬರೆಯಲಿ, ತೊಡೆಯ ವ್ಯಾಯಾಮವನ್ನು ಅಲ್ಲೇ ಮಾಡಲಿ. ಆ ಮೇಷ್ಟ್ರು ಒಳ್ಳೆಯವರು, ಇಡೀ ತಂಡಕ್ಕೇ ಆ ವ್ಯಾಯಾಮ ಮಾಡಿಸತೊಡಗಿದರಂತೆ. ದೀಪಾವಳಿ ಕಳೆದ ಮೇಲೆ ಹುಡುಗ ನಿಧಾನವಾಗಿ ಓಟ ಶುರುಮಾಡಿದ, ಸಂಕ್ರಾಂತಿಯ ನಂತರ ಸಾಲಿನಲ್ಲಿ ಕೂತು ಎದ್ದ. ಮುಂದಿನ ವರ್ಷ ಹೋಬಳಿ ತಂಡದಲ್ಲಿ ಆಡಿದ. ಉಬ್ಬು ಈಗಲೂ ಇದೆ. ತಾಯಿ ಪ್ರತಿ ಸಲ ಬಂದಾಗಲೂ ಅದನ್ನು ಮುಟ್ಟಿ ತೋರಿಸುತ್ತಾರೆ.